ದಾವಣಗೆರೆಯಲ್ಲೇ ಇದ್ದು ಪೈಲಟ್ ಪರೀಕ್ಷೆಗೆ ಓದಿದ್ದು

ಪಿಯುಸಿಯಲ್ಲಿ ನಾನು ಕಾಮರ್ಸ್. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು ಎಂದು ನಿಯಮ ಇತ್ತು. ಹಾಗಾಗಿ ಮೊದಲು ಆ ಎರಡು ವಿಷಯಗಳನ್ನು ಎನ್‌ಐಒಎಸ್ ಓಪನ್ ಸ್ಕೂಲ್‌ನಲ್ಲಿ ಕಟ್ಟಿ ಪಾಸು ಮಾಡಿಕೊಂಡೆ. ಆಮೇಲೆ ಡಿಜಿಸಿಎ, ಅಂದರೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆಯ ಪತ್ರಿಕೆಗಳು: ನ್ಯಾವಿಗೇಶನ್, ಮೆಟಿಯರಾಲಜಿ, ರೆಗ್ಯುಲೇಶನ್, ಟೆಕ್ನಿಕಲ್. ಹಗಲು ಆಡಿಟರ್ ಆಫೀಸಿನಲ್ಲಿ ಕೆಲಸ, ರಾತ್ರಿ ಆನ್‌ಲೈನ್ ಕ್ಲಾಸು. ಪರೀಕ್ಷೆಗೆ ಮಾತ್ರ ಬೆಂಗಳೂರಿಗೆ ಹೋಗುತ್ತಿದ್ದೆ.

ಕ್ಲಾಸಿನ ಫೀಸು ಕಟ್ಟುವ ಮೊದಲೇ ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್ ಆಗುವವರ ಆರೋಗ್ಯ ತಪಾಸಣೆ, ಮಾಡಿಸಿಕೊಂಡಿದ್ದೆ. ಕಣ್ಣಿನಲ್ಲಿ ಬಣ್ಣ ಗುರುತಿಸುವ ತೊಂದರೆ ಏನಾದರೂ ಇದ್ದರೆ ಅದು ಮೊದಲೇ ಗೊತ್ತಾಗಬೇಕು, ಅಲ್ವಾ? ಯಾರೇ ಕೇಳಿದರೂ ನಾನು ಇದನ್ನೇ ಮೊದಲು ಹೇಳುತ್ತೇನೆ.

ಪ್ರತಿ ಪತ್ರಿಕೆಯಲ್ಲೂ 70 ಪರ್ಸೆಂಟ್ ಬರಬೇಕು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದು, ತಪ್ಪಾದರೆ ಅಂಕ ಕಳೆಯುವುದಿಲ್ಲ. ಇದನ್ನು ಕೇಳಿದವರೆಲ್ಲ ಹಳೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡು ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಲೆಕ್ಕದಲ್ಲಿ ಗಾಳಿಯ ದಿಕ್ಕನ್ನು ಸ್ವಲ್ಪ ಬದಲಿಸಿ ಕೊಟ್ಟರೂ ಬಾಯಿಪಾಠ ಕೈ ಕೊಡುತ್ತದೆ. ಮನೆಯಲ್ಲಿ ಕೂತು ಓದುವವರಿಗೆ ಪಕ್ಕದಲ್ಲಿ ಕೇಳೋಕೆ ಯಾರೂ ಇರುವುದಿಲ್ಲ. ಆದ್ದರಿಂದ ಓದಿದ್ದನ್ನು ನಮ್ಮ ಸುತ್ತಲೇ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನಾನು ಪಾಸಾದದ್ದು ಹಾಗೆ.

ಉದಾಹರಣೆಗೆ ಹವಾಮಾನ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಮಲಗುವಾಗ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ಬೆಂಗಳೂರು ಏರ್‌ಪೋರ್ಟಿನ ಮೆಟಾರ್ ನೋಡುತ್ತಿದ್ದೆ. ನಿಲ್ದಾಣದ ಹವಾಮಾನವನ್ನು ಕೋಡ್‌ನಲ್ಲಿ ಒಂದೆರಡು ಸಾಲಿನಲ್ಲಿ ಕೊಡುವ ವರದಿ ಅದು. ಅದರಲ್ಲಿ ಉಷ್ಣಾಂಶ, ಡ್ಯೂ ಪಾಯಿಂಟ್ ಎರಡೂ ಪಕ್ಕಪಕ್ಕ ಇರುತ್ತವೆ. ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರಲ್ಲಿನ ತೇವ ಹನಿಗಟ್ಟಲು ಶುರುವಾಗುತ್ತದೋ ಅದೇ ಡ್ಯೂ ಪಾಯಿಂಟ್. ರಾತ್ರಿ 19 ಮತ್ತು 15 ಇದ್ದದ್ದು ಬೆಳಗಿನ ಜಾವಕ್ಕೆ 15 ಮತ್ತು 15 ಆಯಿತು ಅಂದುಕೊಳ್ಳಿ. ಮೋಡ ಇಲ್ಲ, ಗಾಳಿಯೂ ಹೆಚ್ಚಿಲ್ಲ, ನೆಲದ ಶಾಖವೆಲ್ಲ ರಾತ್ರಿಯೇ ಹೋಗಿದೆ. ಆಗ ಮಂಜು ಕಟ್ಟುತ್ತದೆ. ಕಣ್ಣಿಗೆ ಕಾಣುವ ದೂರ 1,000 ಮೀಟರ್‌ಗಿಂತ ಕಮ್ಮಿಯಾದರೆ ವರದಿಯಲ್ಲಿ ‘ಎಫ್‌ಜಿ’, ಅದಕ್ಕಿಂತ ಜಾಸ್ತಿ ಇದ್ದು ತೆಳುವಾಗಿದ್ದರೆ ‘ಬಿಆರ್’. ಬಿಸಿಲು ಏರಿದ ಹಾಗೆ ಆ ಎರಡು ಸಂಖ್ಯೆಗಳ ನಡುವಿನ ಅಂತರ ಮತ್ತೆ ಹೆಚ್ಚುತ್ತದೆ. ಇಂಥ ಮಂಜಿಗೆ ರೇಡಿಯೇಶನ್ ಫಾಗ್ ಅನ್ನುತ್ತಾರೆ; ಆ ಅಧ್ಯಾಯವನ್ನು ಇಷ್ಟು ಚೆನ್ನಾಗಿ ಯಾವ ವಿಡಿಯೋದಲ್ಲೂ ನಾನು ನೋಡಿಲ್ಲ.

ಡೆನ್ಸಿಟಿ ಆಲ್ಟಿಟ್ಯೂಡ್ ಕೂಡ ಹಾಗೇ. ಗಾಳಿ ಎಷ್ಟು ತೆಳುವಾಗಿದೆ ಅನ್ನುವುದನ್ನು ಎತ್ತರದ ಲೆಕ್ಕದಲ್ಲಿ ಹೇಳುವುದು ಅದು. ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಅಂದರೆ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಜಾಸ್ತಿ. ಒಂದು ಡಿಗ್ರಿಗೆ 120 ಅಡಿಯಂತೆ 3,000 ಅಡಿ ಸೇರಿಸಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ನಿಂತಿರುವ ಚಿಕ್ಕ ವಿಮಾನಕ್ಕೆ ಆ ಹೊತ್ತಿನ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳು. ಎಂಜಿನ್ ಶಕ್ತಿ ಕುಗ್ಗುತ್ತದೆ, ಮೇಲೇಳಲು ಉದ್ದದ ರನ್‌ವೇ ಬೇಕಾಗುತ್ತದೆ. ಊರಿನ ಸೆಖೆಯನ್ನೇ ಲೆಕ್ಕಕ್ಕೆ ಹಾಕಿ ನೋಡಿದ ಮೇಲೆ ಆ ಸೂತ್ರ ಮರೆತು ಹೋಗಲಿಲ್ಲ.

ನ್ಯಾವಿಗೇಶನ್‌ಗೆ ಕೈ ಪಳಗಬೇಕು. ಫ್ಲೈಟ್ ಕಂಪ್ಯೂಟರ್ ಅನ್ನೋದು ಬ್ಯಾಟರಿ ಇಲ್ಲದ, ತಿರುಗಿಸುವ ದುಂಡನೆಯ ಅಳತೆಪಟ್ಟಿ. ಕ್ಲಾಸಿನಲ್ಲಿ ಸರ್ ತಿರುಗಿಸುವುದನ್ನು ಸುಮ್ನೆ ನೋಡಿದರೆ ಏನೂ ಬರುವುದಿಲ್ಲ. ನಾನು ಮೊದಲು ಮನಸ್ಸಿನಲ್ಲೇ ಅಂದಾಜು ಮಾಡಿ, ಆಮೇಲೆ ಅದರಲ್ಲಿ ನೋಡುತ್ತಿದ್ದೆ. ಪೂರ್ವಕ್ಕೆ ಹೋಗಬೇಕು, ವೇಗ 100 ನಾಟ್, ಉತ್ತರದಿಂದ 20 ನಾಟ್ ಗಾಳಿ. ಅಂದಾಜಿನ ಸೂತ್ರದಂತೆ 60ನ್ನು 20ರಿಂದ ಗುಣಿಸಿ 100ರಿಂದ ಭಾಗಿಸಿ: 12 ಡಿಗ್ರಿ. ಮೂತಿಯನ್ನು ಅಷ್ಟು ಎಡಕ್ಕೆ, ಅಂದರೆ ಪೂರ್ವದ 090ರಿಂದ 078ಕ್ಕೆ ತಿರುಗಿಸಬೇಕು. ಕಂಪ್ಯೂಟರ್ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ. ಲೆಕ್ಕ ಕೂಡದಿದ್ದಾಗ ಬರೀ ಪ್ರಶ್ನೆ ಕಳಿಸುತ್ತಿರಲಿಲ್ಲ. ನಾನು ಮಾಡಿದ ಹಂತಗಳ ಫೋಟೋ ತೆಗೆದು ಸರ್‌ಗೆ ಕಳಿಸುತ್ತಿದ್ದೆ. ಎಲ್ಲಿ ಎಡವಿದೆ ಅಂತ ಅವರು ತಕ್ಷಣ ತೋರಿಸುತ್ತಿದ್ದರು.

ರೆಗ್ಯುಲೇಶನ್ ನೆನಪಿನ ಕೆಲಸ. ಅದನ್ನು ಪರೀಕ್ಷೆಗೆ ಹತ್ತಿರ ಇಟ್ಟುಕೊಂಡೆ, ಅಷ್ಟೇ.

ರೇಡಿಯೋ ಪರೀಕ್ಷೆ, ಅಂದರೆ ಆರ್‌ಟಿಆರ್, ಬೇರೆಯೇ. ಅದರಲ್ಲಿ ಮಾತಾಡಿ ತೋರಿಸಬೇಕು. ತಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಫೋನಿನಲ್ಲಿ ಕಂಟ್ರೋಲರ್ ಮಾಡಿದೆ. ಅವನು ಹಾಳೆ ನೋಡಿ ರನ್‌ವೇ, ಎತ್ತರ, ಕ್ಯೂಎನ್‌ಎಚ್ (ವಿಮಾನದ ಎತ್ತರ ಮಾಪಕದಲ್ಲಿ ಹೊಂದಿಸುವ ಗಾಳಿಯ ಒತ್ತಡ) ಹೇಳುತ್ತಿದ್ದ, ನಾನು ತಿರುಗಿ ಹೇಳಬೇಕು. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’. “ಅಕ್ಕಾ, ಕ್ಯೂಎನ್‌ಎಚ್ ಬಿಟ್ಟೆ, ಮತ್ತೆ ಹೇಳು” ಅಂತ ಬಿಡದೆ ಹೇಳಿಸುತ್ತಿದ್ದ. ಉಳಿದ ಪತ್ರಿಕೆಗಳ ಜೊತೆಜೊತೆಗೇ ಇದನ್ನು ಶುರು ಮಾಡಿಕೊಳ್ಳಿ. ನಾಲಿಗೆಗೆ ರೂಢಿಯಾಗಲು ಟೈಮ್ ಬೇಕು.