ಮೆದುಳಿನ ಟಿಬಿ ಇಳಿದ ಮೇಲೆ ಕಾಲು ಸೋತರೆ

ಮೆದುಳುಪೊರೆಯ ಟಿಬಿಗೆ ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಗೆ ಮರಳಿದವರನ್ನು ನೋಡುವಾಗ ನಾನು ಮೊದಲು ಕೇಳುವುದು ತಲೆನೋವಲ್ಲ, ಮೂತ್ರ. ಜ್ವರ ಇಳಿದು ಊಟ ಸೇರುವ ಹೊತ್ತಿಗೇ ಬೆನ್ನುಹುರಿ ಕೈಕೊಡುವುದುಂಟು. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಹೀಗಾಗುತ್ತದೆ. ಉರಿಯೂತದ ಸ್ರಾವ ಹುರಿಯ ಸುತ್ತ ಹೆಪ್ಪುಗಟ್ಟಿ ನರಬೇರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ.

ಮನೆಯವರು ಹೇಳುವುದು ಬೇರೆಯೇ. "ಉಷ್ಣ ಆಗಿದೆ ಡಾಕ್ಟ್ರೇ, ಆಗಾಗ ಸ್ವಲ್ಪ ಸ್ವಲ್ಪ ಹೋಗ್ತದೆ." ಬೊಂಡವೂ ಕುಡಿಸಿರುತ್ತಾರೆ. ಹಾಗೆ ಹನಿ ಹನಿ ಹೋಗುವುದು ಎಷ್ಟೋ ಸಲ ತುಂಬಿ ಬಿಗಿದ ಮೂತ್ರಕೋಶ ಉಕ್ಕುವುದೇ ಆಗಿರುತ್ತದೆ. ಹೊಕ್ಕುಳ ಕೆಳಗೆ ತಟ್ಟಿದರೆ ಮಂದ ಶಬ್ದ. ಮೂತ್ರ ಮಾಡಿಸಿ ಕೂಡಲೇ ಸ್ಕ್ಯಾನ್ ಮಾಡಿ, ಉಳಿಕೆ 100 ಮಿ.ಲೀ. ದಾಟಿದ್ದರೆ ಬೆನ್ನುಹುರಿ ನೋಡದೆ ಬಿಡುವುದಿಲ್ಲ.

"ಮಲಗಿ ಮಲಗಿ ಕಾಲಲ್ಲಿ ಬಲ ಇಲ್ಲ" ಎಂಬುದನ್ನೂ ಹಾಗೇ ಒಪ್ಪುವುದಿಲ್ಲ. ಹತ್ತಿ ಹಿಡಿದು ಪಾದದಿಂದ ಮೇಲಕ್ಕೆ ಮುಟ್ಟುತ್ತಾ ಹೋಗಿ, ಸ್ಪರ್ಶ ಎಲ್ಲಿ ಬದಲಾಗುತ್ತದೆಂದು ಪೆನ್ನಿನಿಂದ ಗೆರೆ ಹಾಕುತ್ತೇನೆ. ಹೊಕ್ಕುಳ ಮಟ್ಟ ಎಂದರೆ ಎದೆಭಾಗದ 10ನೇ ನರ. ಟಿಬಿ ಮಾತ್ರೆ ಐಸೋನಿಯಜಿಡ್‌ನಿಂದ ಬರುವ ಉರಿ ಎರಡೂ ಅಂಗಾಲಿನಿಂದ ಏರುತ್ತದೆ. ಅದು ಹೊಟ್ಟೆಯ ಮೇಲೆ ಗೆರೆ ಹಾಕುವುದಿಲ್ಲ, ಮೂತ್ರ ಕಟ್ಟುವುದಿಲ್ಲ. ಮೊಣಕಾಲಿನ ಪ್ರತಿವರ್ತನೆ ಸತ್ತಿದ್ದೂ, ಅಂಗಾಲು ಗೀರಿದಾಗ ಕಾಲಿನ ಹೆಬ್ಬೆರಳು ಮೇಲಕ್ಕೆದ್ದರೆ ಬೇರು, ಹುರಿ ಎರಡೂ ಪೆಟ್ಟು ತಿಂದಿವೆ ಎಂದೇ ಅರ್ಥ.

ಎಂಆರ್‌ಐ ಚೀಟಿಯಲ್ಲಿ "ಪೂರ್ತಿ ಬೆನ್ನು, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಚುಚ್ಚುವ ಔಷಧ) ಸಮೇತ" ಎಂದು ಬರೆಯುತ್ತೇನೆ. ಸೊಂಟ ಮಾತ್ರ ತೆಗೆಸಿದರೆ ಎದೆಮಟ್ಟದ ತೊಂದರೆ ತಪ್ಪಿಹೋಗುತ್ತದೆ. ದೊಡ್ಡವರಲ್ಲಿ ಹುರಿ ಸೊಂಟದ 1-2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಚಿತ್ರ ನೋಡದೆ ಬೆನ್ನುನೀರು (ಹುರಿಯ ಸುತ್ತಲಿನ ದ್ರವ) ತೆಗೆಸುವುದಿಲ್ಲ: ಅದು ಹರಿಯುವ ದಾರಿ ಕಟ್ಟಿದ್ದರೆ ಸೂಜಿಯಲ್ಲಿ ನೀರೇ ಬಾರದು, ಬಂದರೂ ಕೆಳಗಿನ ಒತ್ತಡ ಇಳಿದು ಕಾಲು ಇನ್ನಷ್ಟು ಸೋಲಬಹುದು.

ಟಿಬಿ ಮಾತ್ರೆ ನಿಲ್ಲಿಸಬಾರದು. ಮಾತ್ರೆಯಿಂದಲೇ ಹೀಗಾಯಿತೆಂದು ಬಿಡುವವರು ಇದ್ದಾರೆ, ಅದು ಅಪಾಯ. ಉರಿಯೂತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಇಳಿಸುವ ಹೊತ್ತಿಗೆ ಲಕ್ಷಣ ಎದ್ದಿದ್ದರೆ ಪ್ರಮಾಣ ಮತ್ತೆ ಏರಿಸುವ ವಿಚಾರ ನರರೋಗ ತಜ್ಞರೊಂದಿಗೆ ಅಂದೇ ಮಾತಾಡುತ್ತೇನೆ, ಜೊತೆಗೆ ಸಕ್ಕರೆ ಪರೀಕ್ಷೆ.

ಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಮೂತ್ರಕೋಶ ಖಾಲಿ ಮಾಡುವ ಟ್ಯೂಬ್ ಹಾಕಲು ಕಲಿಸುವುದು. 4ರಿಂದ 6 ಗಂಟೆಗೊಮ್ಮೆ, ಸೋಪಿನಲ್ಲಿ ಕೈ ತೊಳೆದು, ಜೆಲ್ ಸವರಿ ಹಾಕಬೇಕು. ಒಮ್ಮೆಗೆ 400-500 ಮಿ.ಲೀ. ಮೀರಿ ಬಂದರೆ ಅಂತರ ಕಡಿಮೆ ಮಾಡಬೇಕು. ಅಳೆದದ್ದನ್ನು ಕ್ಯಾಲೆಂಡರಿನಲ್ಲೇ ಬರೆಯಲಿ. ಮನೆಗೇ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದಾಗ ಅದನ್ನೇ ನೋಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬಾಲಮೂಳೆಯ ಮೇಲೆ ಹುಣ್ಣು ಖಂಡಿತ.

ವರ್ಷಗಳ ನಂತರ ಹುರಿಯೊಳಗೆ ನೀರು ತುಂಬಿದ ಪೊಳ್ಳು ಆಗುವುದೂ ಇದೆ. ಒಲೆಯ ಮುಂದೆ ಕೈ ಸುಟ್ಟದ್ದೇ ಗೊತ್ತಾಗಲಿಲ್ಲ ಎಂದರೆ ಬಿಸಿ-ತಣ್ಣಗಿನ ಪರೀಕ್ಷೆ ಮಾಡಿ ಮತ್ತೆ ಎಂಆರ್‌ಐಗೆ ಕಳಿಸುತ್ತೇನೆ.