ಹೊಸಬರಿಗೆ ಮಾರ್ಗದರ್ಶಿ: ಥ್ಯಾಂಕ್ಸ್‌ಗಿವಿಂಗ್ ಊಟ, ಸಂಕ್ರಾಂತಿ ಎಳ್ಳು

ಯಾವತ್ತು?

ಕೆನಡಾದಲ್ಲಿ ಸುಗ್ಗಿಗೆ ಕೃತಜ್ಞತೆ ಹೇಳುವ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಬರುವುದು ಅಕ್ಟೋಬರ್‌ನ ಎರಡನೇ ಸೋಮವಾರ; 1957ರಿಂದ ಇದೇ ಲೆಕ್ಕ. ಅಮೆರಿಕದವರದು ನವೆಂಬರ್‌ನ ನಾಲ್ಕನೇ ಗುರುವಾರ. ನ್ಯೂಜೆರ್ಸಿಯ ಭಾವನವರು "ಥ್ಯಾಂಕ್ಸ್‌ಗಿವಿಂಗ್‌ಗೆ ಬಂದುಬಿಡಿ" ಅಂದರೆ ಯಾವ ತಿಂಗಳು ಎಂದು ಕೇಳಿಕೊಂಡೇ ಟಿಕೆಟ್ ತೆಗೆಯಿರಿ. ನಾವು ಕೇಳದೆ ಅಕ್ಟೋಬರ್‌ನಲ್ಲೇ ಹೋದೆವು. ಅವರು ಆಫೀಸಿಗೆ ಹೋದರು, ನಾವು ಸೋಫಾ ಕಾದೆವು.

ಆಂಟಾರಿಯೊದಲ್ಲಿ ಆ ಸೋಮವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಮೊಸರು ಭಾನುವಾರವೇ ತಂದಿಡಿ.

ಪಕ್ಕದ ಮನೆಯವರು ಊಟಕ್ಕೆ ಕರೆದರೆ

ಹೋಗಿ. "ನಮ್ಮ ಹಬ್ಬ ಅಲ್ಲವಲ್ಲ" ಎಂದು ಮನೆಯಲ್ಲಿ ಕೂರಬೇಡಿ. ಬೆಳೆ ಮನೆಗೆ ಬಂತೆಂದು ನೆಂಟರಿಷ್ಟರ ಜೊತೆ ಉಣ್ಣುವುದು ನಮಗೇನು ಹೊಸದೇ? ಕೆಲವರು ಸೋಮವಾರದ ಬದಲು ಶನಿವಾರವೋ ಭಾನುವಾರವೋ ಊಟ ಇಟ್ಟುಕೊಳ್ಳುತ್ತಾರೆ, ದಿನ ಕೇಳಿ ಬರೆದಿಟ್ಟುಕೊಳ್ಳಿ. ಐದು ಗಂಟೆ ಅಂದರೆ ಐದೇ. ಊರಿಂದ ಬಂದಿರುವ ಅತ್ತೆ ಮಾವನವರನ್ನೂ ಕರೆದೊಯ್ಯುವುದಾದರೆ ಮೊದಲೇ ತಿಳಿಸಿ.

ಸಸ್ಯಾಹಾರಿಗಳಾದರೆ ಅದನ್ನು ಕರೆದ ದಿನವೇ ಬಾಯಿಬಿಟ್ಟು ಹೇಳಿ. ನಾನು ಸಂಕೋಚಪಟ್ಟು ಹೇಳಲಿಲ್ಲ. ಮೇಜಿನ ಮೇಲೆ ಬ್ರೆಡ್ಡು, ಈರುಳ್ಳಿ, ಸೆಲರಿ ಕಲಸಿದ ಸ್ಟಫಿಂಗ್ ಇತ್ತು. ಉಪ್ಪಿಟ್ಟಿನ ದೂರದ ನೆಂಟನ ಹಾಗೆ ಕಂಡಿತು, ಎರಡು ಸಲ ಹಾಕಿಸಿಕೊಂಡೆ. ಅದನ್ನು ಟರ್ಕಿ ಕೋಳಿಯ ಹೊಟ್ಟೆಯೊಳಗೆ ತುಂಬಿ ಬೇಯಿಸಿದ್ದರೆಂದು ಮನೆಗೆ ಬಂದ ಮೇಲೆ ಮಗಳು ಹೇಳಿದಳು. ನಮ್ಮ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಗ್ರೇವಿ ಅಂದರೆ ನಮ್ಮ ಗೊಜ್ಜಲ್ಲ, ಟರ್ಕಿಯಿಂದ ಇಳಿದ ರಸ. ಸಿಹಿಗೆಣಸಿನ ಮೇಲೆ ಬಿಳಿ ಮೆತ್ತನೆ ಮಿಠಾಯಿ ಮಾರ್ಷ್‌ಮೆಲೋ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಕುಂಬಳಕಾಯಿ ಪೈಗೆ ಮೊಟ್ಟೆ ಹಾಕುತ್ತಾರೆ. ಅದರ ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುವವರೂ ಇದ್ದಾರೆ. ಹುಳಿ ಕೆಂಪು ಹಣ್ಣಾದ ಕ್ರ್ಯಾನ್‌ಬೆರಿ ಸಾಸ್‌ಗೆ ಭಯಪಡಬೇಕಿಲ್ಲ.

ಇನ್ನೊಂದು ಮಾತು. ಬಡಿಸಲು ಬಂದಾಗ "ಬೇಡ ಬೇಡ" ಅನ್ನುವ ನಮ್ಮ ಮರ್ಯಾದೆಯನ್ನು ಇಲ್ಲಿ ಬಿಡಿ. ಯಾರೂ ಎರಡನೇ ಸಲ ಬಲವಂತ ಮಾಡುವುದಿಲ್ಲ, ಹಸಿದುಕೊಂಡೇ ಎದ್ದು ಬರುತ್ತೀರಿ.

ಒಯ್ಯಲು: ಪುಳಿಯೋಗರೆ (ಖಾರ ಕಮ್ಮಿ, ಕಡಲೆಬೀಜ ಬೇಡ), ಹೂವು.

ಸಂಕ್ರಾಂತಿ ಎಳ್ಳು ಬೀರುವಾಗ

ಎಳ್ಳು, ಕಡಲೆಬೀಜ ಎರಡೂ ಕೆನಡಾದ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಒಂದು ಹಿಡಿ ಎಳ್ಳು ಬೆಲ್ಲದಿಂದ ಅಲರ್ಜಿ ಇರುವ ಮಗುವಿನ ಉಸಿರು ಕಟ್ಟಬಹುದು. ಮಕ್ಕಳ ಡಬ್ಬಿಯಲ್ಲಿಟ್ಟು ಶಾಲೆಗೆ ಖಂಡಿತ ಕಳಿಸಬೇಡಿ. ನಾವು ಕಳಿಸಿದ ವರ್ಷ ಮಧ್ಯಾಹ್ನವೇ ಶಾಲೆಯಿಂದ ಫೋನ್ ಬಂತು. ಟೀಚರ್ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಪಕ್ಕದ ಮನೆಗೂ ಕೇಳಿಯೇ ಕೊಡಿ. ಅಲರ್ಜಿ ಇದ್ದರೆ ಬಾಳೆಹಣ್ಣು, ಕಬ್ಬಿನ ತುಂಡು ಸಾಕು.

ಮಕ್ಕಳಿಗೆ ಎರೆಯಲು ಎಲಚಿಹಣ್ಣು ಸಿಗದಿದ್ದರೆ ಕ್ರ್ಯಾನ್‌ಬೆರಿ ನಡೆಯುತ್ತದೆ. ಹಿರಿಯರು ಗೊಣಗಿದರೆ ಗೊಣಗಲಿ.

ನಮ್ಮ ಸಂಘದ ಆಚರಣೆ ಹಬ್ಬದ ಹತ್ತಿರದ ಶನಿವಾರ. ಸಕ್ಕರೆ ಅಚ್ಚಿನ ಮರದ ಅಚ್ಚುಗಳು ಸಂಘದಲ್ಲಿವೆ, ಎರವಲು ಕೊಡುತ್ತೇವೆ. ತೊಳೆದು, ಒಣಗಿಸಿ, ಜೊತೆ ತಪ್ಪದಂತೆ ವಾಪಸು ಕೊಡಿ. ಕಳೆದ ವರ್ಷ ಒಯ್ದ ಗಿಳಿ ಅಚ್ಚಿನ ಅರ್ಧಭಾಗ ಇನ್ನೂ ಯಾರದೋ ಅಡುಗೆಮನೆಯಲ್ಲಿದೆ.