ಹಗಲಲ್ಲೇ ಕಳಿಸಿಕೊಡುತ್ತೇವೆ

ಕೋಲಾರದಲ್ಲಿ ನಮ್ಮ ಕ್ರೈಸ್ತ ಸಭೆಯವರು ನಡೆಸುವ ಮಕ್ಕಳ ಆಶ್ರಯದಲ್ಲಿ ದತ್ತು ಹೋಗುವ ಮಕ್ಕಳ ವಿಭಾಗ ನನ್ನದು. ಎಲ್ಲರೂ ಆರು ವರ್ಷದೊಳಗಿನವರು. ಕೆಲವರನ್ನು ಯಾರೋ ಎಲ್ಲೋ ಬಿಟ್ಟು ಹೋಗಿರುತ್ತಾರೆ, ಕೆಲವರನ್ನು ಹೆತ್ತವರೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಿರುತ್ತಾರೆ. ಇಷ್ಟು ದಿನ ಎತ್ತಿ ಆಡಿಸಿದ ಮಗುವನ್ನು ಕಳಿಸಿಕೊಡುವುದು ಹೇಗೆ ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ನಾವು ಮಾಡುವುದನ್ನೇ ಬರೆಯುತ್ತೇನೆ.

ಮಗು ನಿದ್ದೆಯಲ್ಲಿರುವಾಗ ಎತ್ತಿ ಕಾರಿನಲ್ಲಿ ಮಲಗಿಸಿ ಕಳಿಸಿದರೆ ಅಳು ಇರುವುದಿಲ್ಲ, ಎಲ್ಲರಿಗೂ ಸುಲಭ ಅನ್ನುವವರಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಕಣ್ಣು ಬಿಟ್ಟಾಗ ಗುರುತಿಲ್ಲದ ಮನೆ, ಗುರುತಿಲ್ಲದ ಮುಖ ಕಂಡರೆ ಆ ಮಗು ನಿದ್ದೆಗೇ ಹೆದರುತ್ತದೆ. ಇಲ್ಲಿ ಉಳಿದವರೂ ಅಷ್ಟೇ: ರಾತ್ರಿ ಪಕ್ಕದಲ್ಲಿ ಮಲಗಿದ್ದವಳು ಬೆಳಿಗ್ಗೆ ಇಲ್ಲ ಅಂದರೆ ನಾಳೆ ನಮ್ಮ ಸರದಿಯೇನೋ ಅಂದುಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಹಗಲು ಹೊತ್ತು, ತಿಂಡಿ ಆದ ಮೇಲೆ, ಎಲ್ಲರ ಕಣ್ಣೆದುರಿಗೇ ಕಳಿಸಿಕೊಡುವುದು.

ತಯಾರಿಗೆ ಸಮಯ ಕಡಿಮೆ. ದಂಪತಿ ಒಪ್ಪಿ ಸಹಿ ಹಾಕಿದ ಹತ್ತು ದಿನದೊಳಗೆ ಮಗುವನ್ನು ದತ್ತುಪೂರ್ವ ಪೋಷಣೆಗೆ, ಅಂದರೆ ಆದೇಶಕ್ಕೆ ಮುಂಚೆಯೇ ಅವರ ಮನೆಯಲ್ಲಿ ಬೆಳೆಯಲು, ಒಪ್ಪಿಸಬೇಕು. ಅಂತಿಮ ಆದೇಶ ಆಮೇಲೆ ಬರುತ್ತದೆ. ಮೊದಲು ಅದನ್ನು ಕೋರ್ಟ್ ಕೊಡುತ್ತಿತ್ತು, ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಹಾಗಾಗಿ ದಂಪತಿ ಒಪ್ಪಿದರು ಅಂತ ತಿಳಿದ ದಿನವೇ ಅವರ ಮನೆಯ ಫೋಟೊ ತರಿಸಿಕೊಳ್ಳುತ್ತೇವೆ. ಅಪ್ಪ, ಅಮ್ಮ, ಅಜ್ಜಿ, ಬಾಗಿಲು, ಮಲಗುವ ಮಂಚ, ನಾಯಿ ಇದ್ದರೆ ನಾಯಿಯದ್ದೂ ಬೇಕು. ರಾತ್ರಿ ಮಲಗುವ ಮುಂಚೆ ಅವನ್ನು ತೋರಿಸಿ ಮಾತಾಡುತ್ತೇವೆ. ಮೊದಲ ರಾತ್ರಿ ನೋಡುವುದಿಲ್ಲ. ಆಮೇಲೆ ತಾವೇ ಕೇಳುತ್ತಾರೆ, "ಆಂಟಿ, ನಾಯಿ ಫೋಟೊ ಕೊಡಿ."

ಮಗುವಿನ ನೆನಪಿನ ಆಲ್ಬಂ ಮಾಡಿ ಕೊಡಬೇಕೆಂದು ದತ್ತು ನಿಯಮಾವಳಿಯೇ ಹೇಳುತ್ತದೆ. ಅದರ ಕೊನೆಯ ಪುಟದಲ್ಲಿ ಮಗುವಿನ ಮಾತುಗಳನ್ನು ಬರೆಯುವುದು ನಾನು ಸೇರಿಸಿಕೊಂಡ ಪದ್ಧತಿ. ನಮ್ಮ ಕಡೆ ಮಕ್ಕಳು ಕನ್ನಡ ತೆಲುಗು ಬೆರೆಸಿಯೇ ಮಾತಾಡುವುದು. ಬುವ್ವ ಅಂದರೆ ಅನ್ನ, ನೀಳ್ಳು ಅಂದರೆ ನೀರು. ಮಗು ಹೋಗುವ ಮನೆಯಲ್ಲಿ ಹಿಂದಿಯೋ ಮರಾಠಿಯೋ ಆಡುತ್ತಿರಬಹುದು. ನೀಳ್ಳು ಅಂತ ಅತ್ತರೆ ಅವರಿಗೆ ಏನು ಗೊತ್ತಾಗಬೇಕು? ಉಚ್ಚೆ ಬಂದರೆ ಹೇಗೆ ಹೇಳುತ್ತಾನೆ, ಬೆನ್ನು ತಟ್ಟಿದರೆ ಮಲಗುತ್ತಾನೋ ತಲೆ ಸವರಿದರೋ, ಮುದ್ದೆ ನುಂಗಲು ಬರುತ್ತದೋ ಇಲ್ಲವೋ, ಎಲ್ಲ ಬರೆದಿರುತ್ತದೆ. ಹೊದ್ದ ದುಪ್ಪಟಿಯನ್ನು ಒಗೆಯದೇ ಕೊಡುತ್ತೇವೆ. ಒಗೆದರೆ ನಮ್ಮ ವಾಸನೆ ಹೋಗುತ್ತದೆ. ಕೆಲವು ತಾಯಂದಿರು ಮೊದಲು ಮುಖ ಸಿಂಡರಿಸುತ್ತಾರೆ, ವಿವರಿಸಿ ಹೇಳಿದರೆ ಮಡಿಚಿ ಬ್ಯಾಗಿಗೆ ಇಟ್ಟುಕೊಳ್ಳುತ್ತಾರೆ.

ಮಗುವನ್ನು ನಮ್ಮ ಸಭೆಯವರಿಗೇ ಕೊಡಿ ಅಂತ ಭಾನುವಾರ ಆರಾಧನೆ ಮುಗಿದ ಮೇಲೆ ಕೇಳುವವರಿದ್ದಾರೆ. ಅದು ನಮ್ಮ ಕೈಯಲ್ಲಿಲ್ಲ, ಇರಲೂ ಬಾರದು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದವರಿಗೆ ಸರದಿಯಂತೆ ಮಗು ಸಿಗುತ್ತದೆ. ನಮ್ಮವರು ಇನ್ನೊಂದನ್ನು ನೆನಪಿಡಬೇಕು. ಹಿಂದೂಗಳಿಗೆ 1956ರ ಹಿಂದೂ ದತ್ತು ಕಾಯ್ದೆಯಿಂದಲೇ ದತ್ತು ತೆಗೆದುಕೊಳ್ಳುವ ಹಕ್ಕಿತ್ತು. ಕ್ರೈಸ್ತರು 1890ರ ಕಾಯ್ದೆಯಡಿ ಪಾಲಕರು ಮಾತ್ರ ಆಗಬಹುದಿತ್ತು. 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿ ಬಂದ ಮೇಲೆಯೇ ಯಾವ ಧರ್ಮದವರೂ ಪೂರ್ತಿ ಅಪ್ಪ ಅಮ್ಮ ಆಗುವಂತಾಗಿದ್ದು. ಎಲ್ಲರಿಗೂ ಒಂದೇ ಸಾಲು ಇರುವುದರಿಂದ ನಮಗೂ ಜಾಗ ಸಿಕ್ಕಿದೆ.

ಹೊರಡುವ ದಿನ ಪ್ರಾರ್ಥನೆ ಇರುತ್ತದೆ, ಚಿಕ್ಕದು. ಪಾಸ್ಟರ್ ಅಯ್ಯನವರಲ್ಲಿ ಒಂದೇ ವಿನಂತಿ ಮಾಡಿಕೊಂಡಿದ್ದೇನೆ: "ದೇವರು ಈ ಮಗುವನ್ನು ಆರಿಸಿಕೊಂಡು ಅಪ್ಪ ಅಮ್ಮನನ್ನು ಕೊಟ್ಟ" ಅನ್ನುವ ಮಾತು ಬೇಡ. ಸುತ್ತ ಕೂತ ಉಳಿದ ಮಕ್ಕಳಿಗೆ ಅದು ಹೇಗೆ ಕೇಳಿಸುತ್ತದೆ? ತಲೆ ಮೇಲೆ ಕೈಯಿಟ್ಟು ಪ್ರಯಾಣಕ್ಕೆ ಆಶೀರ್ವಾದ ಬೇಡಿದರೆ ಸಾಕು.

ಉಳಿದ ಮಕ್ಕಳ ವಿಷಯವೇ ನನಗೆ ದೊಡ್ಡದು. ಹೋಗುವ ಮಗುವಿಗೆ ಹೊಸ ಬಟ್ಟೆ, ಕಾರು, ಅಪ್ಪ ಅಮ್ಮ ಎಲ್ಲ ಇರುತ್ತದೆ. ಇಲ್ಲಿರುವವರಿಗೆ ಖಾಲಿ ಮಂಚ. ಒಮ್ಮೆ ನಾಲ್ಕೂವರೆ ವರ್ಷದ ಹುಡುಗಿ ಹೋದಳು (ಹೆಸರು ಹೇಳುವಂತಿಲ್ಲ, ಮಗುವಿನ ಗುರುತು ಬಿಟ್ಟುಕೊಡಬಾರದು ಅನ್ನುವ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ). ಅವಳ ಜೊತೆಗೇ ಉಣ್ಣುತ್ತಿದ್ದ ಹುಡುಗ ಗೇಟಿನ ಸರಳು ಹಿಡಿದು ನಿಂತವನು ಟಾಟಾ ಮಾಡಲಿಲ್ಲ. ಮಧ್ಯಾಹ್ನ ತಟ್ಟೆ ಮುಂದೆ ಕೂತು ಕೇಳಿದ, "ಆಂಟಿ, ನಾನು ಚೆನ್ನಾಗಿಲ್ವಾ?"

"ಚೆನ್ನಾಗಿದ್ದೀಯ ಕಂದ. ಅವಳ ಕಾಗದ ಮುಗೀತು, ನಿನ್ನ ಕಾಗದ ಇನ್ನೂ ಆಫೀಸಲ್ಲಿದೆ. ಅದು ದೊಡ್ಡವರ ಕೆಲಸ, ನೀನು ಮಾಡಿದ್ದು ಏನೂ ಅಲ್ಲ" ಅಂದೆ. ನಿಜವೂ ಅದೇ. "ನಿನಗೂ ಬೇಗ ಬರ್ತಾರೆ" ಅಂತ ಮಾತ್ರ ಯಾರೂ ಹೇಳಬಾರದು ಅಂತ ಆಯಾಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಕೆಲವರಿಗೆ ಬರುವುದೇ ಇಲ್ಲ. ಆ ದಿನ ಖಾಲಿ ಮಂಚಕ್ಕೆ ಬೇರೆ ಮಗುವನ್ನು ಹಾಕುವುದಿಲ್ಲ. ಸಂಜೆ ಹೊರಗೆ ಆಡಿಸಿ, ಹೋದವಳ ಬಗ್ಗೆ ನಾವೇ ಮಾತು ತೆಗೆಯುತ್ತೇವೆ. ಹೆಸರೇ ಎತ್ತದೆ ಸುಮ್ಮನಿದ್ದರೆ ಮಕ್ಕಳು ಏನೇನೋ ಊಹಿಸಿಕೊಳ್ಳುತ್ತಾರೆ.

ಆಯಾಗಳು ಅಳುತ್ತಾರೆ. ಅಳಲಿ. ಮಗುವಿನ ಮುಂದೆ ಕಣ್ಣೀರು ಹಾಕಬಾರದು ಅನ್ನುವ ನಿಯಮ ನಮ್ಮಲ್ಲಿಲ್ಲ. ಆದರೆ ಗಟ್ಟಿಯಾಗಿ ಅಪ್ಪಿ ಹಿಡಿದು ಬಿಡದೇ ಇರುವುದು ಬೇಡ. ಮಗುವನ್ನು ಹೆಚ್ಚು ನೋಡಿಕೊಂಡವಳೇ ಅದನ್ನು ತಾಯಿಯ ತೋಳಿಗೆ ಕೊಡಬೇಕು, ಮ್ಯಾನೇಜರ್ ಅಲ್ಲ. ನೀನು ಹೋಗಬಹುದು ಅಂತ ಮಗುವಿಗೆ ಅವಳಿಂದಲೇ ಒಪ್ಪಿಗೆ ಸಿಗಬೇಕು.

ಮುಂದಿನ ಎರಡು ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಿ ಬರೆಯುವ ಅನುಪಾಲನಾ ವರದಿ ಆಗುತ್ತದೆ. ಅದರ ಫೋಟೊಗಳನ್ನು ಆ ಆಯಾಳಿಗೂ ತೋರಿಸುತ್ತೇವೆ. ಮೊದಲ ವಾರ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ ಅಂತ ದಂಪತಿಗೆ ಹೇಳಿರುತ್ತೇವೆ. ಮಾಡುತ್ತಾರೆ. ಹೆಚ್ಚಾಗಿ ಕೇಳುವುದು ಊಟ ಬಿಟ್ಟಿದೆ ಅಂತ. ಅನ್ನ ಮೆತ್ತಗೆ ಮಾಡಿ, ತಿಳಿಸಾರು ಕಲಸಿ, ಎತ್ತರದ ಕುರ್ಚಿ ಬಿಟ್ಟು ನೆಲದ ಮೇಲೆ ಕೂರಿಸಿ ತಿನ್ನಿಸಿ ಅನ್ನುತ್ತೇನೆ. ಸಾಮಾನ್ಯವಾಗಿ ತಿನ್ನುತ್ತದೆ.